ಆಸ್ಪತ್ರೆಯ ಕೂಗಳತೆಯಲ್ಲೇ ಮನೆ ಹೆರಿಗೆ

ಹಳ್ಳಿಯ ಮನೆ ಹೆರಿಗೆಗೆ ಕಾರಣ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ರಸ್ತೆ ಸರಿಯಿಲ್ಲ, ಹಳ್ಳ ತುಂಬಿತ್ತು, ಗಾಡಿ ಸಿಗಲಿಲ್ಲ, ಆಸ್ಪತ್ರೆ ಇರುವುದು ತಾಲ್ಲೂಕು ಕೇಂದ್ರದಲ್ಲಿ. ನಗರದಲ್ಲಿ ಈ ಉತ್ತರಗಳು ನಡೆಯುವುದಿಲ್ಲ. ಮುಂಬೈ, ದೆಹಲಿ, ಬೆಂಗಳೂರಿನ ಎಷ್ಟೋ ಕೊಳೆಗೇರಿಗಳಿಂದ ಆಟೋ ಹತ್ತಿದರೆ ಸ್ವಲ್ಪ ಹೊತ್ತಿಗೆಲ್ಲ ಪಾಲಿಕೆಯ ಹೆರಿಗೆ ಆಸ್ಪತ್ರೆಯೋ ಸರ್ಕಾರಿ ದೊಡ್ಡಾಸ್ಪತ್ರೆಯೋ ಸಿಗುತ್ತದೆ. 108ಕ್ಕೆ ಫೋನ್ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ. ಕರ್ನಾಟಕದಲ್ಲಿ ಈ ಸೇವೆ 2008ರ ರಾಜ್ಯೋತ್ಸವದಂದೇ ಶುರುವಾಗಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ. ಇಷ್ಟಿದ್ದೂ ಕೆಲವು ಹೆಂಗಸರು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ತಗಡಿನ ಶೆಡ್ಡಿನಲ್ಲಿ, ನೀಲಿ ಟಾರ್ಪಾಲಿನ ಜೋಪಡಿಯಲ್ಲಿ ಹೆರುತ್ತಾರೆ.

ಏಕೆ ಎಂದರೆ ಅಧಿಕಾರಿಗಳ ಬಾಯಲ್ಲೂ ಮಧ್ಯಮ ವರ್ಗದ ಬಾಯಲ್ಲೂ ಮೂರೇ ಮಾತು ಬರುತ್ತವೆ: ತಿಳಿವಳಿಕೆ ಇಲ್ಲ, ದುಡ್ಡಿಲ್ಲ, ಹಳೆಯ ವಾಡಿಕೆ ಬಿಡುವುದಿಲ್ಲ. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಈ ವಿಷಯದಲ್ಲಿ ನಡೆದ ಅಧ್ಯಯನಗಳನ್ನು, ನ್ಯಾಯಾಲಯಗಳ ಮುಂದೆ ಬಂದ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೊಂದು ವಿಂಗಡಣೆ ಕಾಣುತ್ತದೆ. ನಗರದಲ್ಲಿ ಮನೆಯಲ್ಲೇ ಹೆತ್ತವರಲ್ಲಿ ಮೂರು ಗುಂಪುಗಳಿವೆ: ಹೋಗುವುದು ಬೇಡವೆಂದು ಉಳಿದವರು, ಹೊರಡಲು ಆಗದೆ ಉಳಿದವರು, ಹೋಗಿ ಬಾಗಿಲಿಂದ ವಾಪಸ್ಸು ಬಂದವರು. ನಮ್ಮ ಅಂಕಿಅಂಶದಲ್ಲಿ ಮೂವರೂ ಒಂದೇ ಸಾಲಿನಲ್ಲಿದ್ದಾರೆ. ನಮ್ಮ ಯೋಜನೆಗಳು ಬಹುಮಟ್ಟಿಗೆ ಮೊದಲನೆಯವರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಹೊರಟಂಥವು.

ಸರಾಸರಿಯೊಳಗೆ ಕಾಣದವರು

ಮೊದಲು ಒಪ್ಪಿಕೊಳ್ಳಬೇಕಾದದ್ದು ಬದಲಾವಣೆಯ ಪ್ರಮಾಣವನ್ನು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದಲ್ಲಿ ಆಸ್ಪತ್ರೆಯಲ್ಲಾಗುತ್ತಿದ್ದ ಹೆರಿಗೆ ಶೇ. 39ರಷ್ಟಿತ್ತು. 2015-16ಕ್ಕೆ ಅದು ಶೇ. 78.9, 2019-21ಕ್ಕೆ ಶೇ. 88.6 ಆಯಿತು. ಕರ್ನಾಟಕದಲ್ಲಿ ಶೇ. 97. ಇದೇ ಅವಧಿಯಲ್ಲಿ ತಾಯಂದಿರ ಸಾವೂ ಇಳಿಯಿತು: 2004-06ರಲ್ಲಿ ಲಕ್ಷ ಜೀವಂತ ಜನನಕ್ಕೆ ದೇಶದಲ್ಲಿ 254, ಕರ್ನಾಟಕದಲ್ಲಿ 213 ತಾಯಂದಿರು ಸಾಯುತ್ತಿದ್ದರು, 2018-20ರ ಹೊತ್ತಿಗೆ ಅದು ಕ್ರಮವಾಗಿ 97 ಮತ್ತು 69ಕ್ಕೆ ಬಂತು. ಇದು ಸಣ್ಣ ಸಾಧನೆಯಲ್ಲ.

2019-21ರಲ್ಲಿ ನಗರಗಳ ಆಸ್ಪತ್ರೆ ಹೆರಿಗೆಯ ಸರಾಸರಿ ಶೇ. 93.8. ಉಳಿದ ಆರು ಚಿಲ್ಲರೆ ಶೇಕಡಾ ಹೆಂಗಸರು ಊರ ತುಂಬ ಸಮನಾಗಿ ಹರಡಿಕೊಂಡಿಲ್ಲ. ಬಡಾವಣೆಯ ಸುಸಜ್ಜಿತ ಮನೆಯವಳೂ ರೈಲು ಹಳಿಯ ಪಕ್ಕದ ಜೋಪಡಿಯವಳೂ ಈ ಲೆಕ್ಕದಲ್ಲಿ ‘ನಗರ’ವೇ. 2005-06ರ ಸಮೀಕ್ಷೆ ಎಂಟು ನಗರಗಳಲ್ಲಿ ಕೊಳೆಗೇರಿಗಳನ್ನು ಪ್ರತ್ಯೇಕಿಸಿ ಎಣಿಸಿತ್ತು. ಆ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. ಮನೆಗಳ ಪಟ್ಟಿ ಹಿಡಿದು ಹೊರಡುವ ಸಮೀಕ್ಷೆಗೆ ಪಾದಚಾರಿ ಮಾರ್ಗದಲ್ಲಿ ಮಲಗುವವರು, ಕಟ್ಟಡ ಮುಗಿದ ಕೂಡಲೇ ಶೆಡ್ಡು ಕಿತ್ತು ಮುಂದಿನ ಸೈಟಿಗೆ ಹೋಗುವವರು ಸಿಗುವುದು ಕಷ್ಟ. ಕೊಳೆಗೇರಿಗಳಲ್ಲೂ ಸರ್ಕಾರ ಘೋಷಿಸಿದ್ದು, ಘೋಷಿಸದ್ದು ಎಂಬ ಭೇದವಿದೆ. ಘೋಷಣೆಯಾಗದ ಕಡೆ ನೀರಿನ ಕೊಳಾಯಿಯಷ್ಟೇ ತಡವಾಗಿ ಆಶಾ ಕಾರ್ಯಕರ್ತೆಯೂ ಬರುತ್ತಾಳೆ.

ಮುಂಬೈ ಕೊಟ್ಟ ಲೆಕ್ಕ

ಈ ಪ್ರಶ್ನೆಯನ್ನು ಹತ್ತಿರದಿಂದ ನೋಡಿದ ಅಧ್ಯಯನಗಳಲ್ಲಿ ಮುಂಬೈನದು ಮುಖ್ಯವಾದದ್ದು. ಸಯಾನ್ ಆಸ್ಪತ್ರೆಯ ನವಜಾತ ಶಿಶು ತಜ್ಞೆಯಾಗಿದ್ದ ಡಾ. ಅರ್ಮಿಡಾ ಫರ್ನಾಂಡಿಸ್ 1999ರಲ್ಲಿ ‘ಸ್ನೇಹಾ’ ಎಂಬ ಸಂಸ್ಥೆ ಕಟ್ಟಿದರು. ಆ ಸಂಸ್ಥೆ ಲಂಡನ್ನಿನ ಸಂಶೋಧಕರ ಜೊತೆಗೂಡಿ 48 ಬಸ್ತಿಗಳಲ್ಲಿ ಪ್ರತಿಯೊಂದು ಹೆರಿಗೆಯನ್ನೂ ದಾಖಲಿಸುತ್ತಾ ಹೋಯಿತು. 2005-07ರ ನಡುವಿನ ಎರಡು ವರ್ಷಗಳಲ್ಲಿ ಸಿಕ್ಕ 10,754 ಹೆರಿಗೆಗಳಲ್ಲಿ 1,708, ಅಂದರೆ ಶೇ. 16, ಮನೆಯಲ್ಲಾಗಿದ್ದವು. ಒಂದೇ ಊರಿನೊಳಗೆ ಒಂದು ಭಾಗದಲ್ಲಿ ಈ ಪ್ರಮಾಣ ಶೇ. 6 ಇದ್ದರೆ ಇನ್ನೊಂದರಲ್ಲಿ ಶೇ. 24.

ಮನೆಯಲ್ಲೇ ಏಕೆ ಎಂದು ಕೇಳಿದಾಗ ಹೆಚ್ಚು ಕೇಳಿಬಂದ ಉತ್ತರಗಳು ಎರಡು: ‘ನಮ್ಮಲ್ಲಿ ಹಾಗೇ ವಾಡಿಕೆ’ ಮತ್ತು ‘ಹೋಗಲು ಹೊತ್ತೇ ಆಗಲಿಲ್ಲ’. ಈ ಮನೆ ಹೆರಿಗೆಗಳಲ್ಲಿ ನೂರಕ್ಕೆ ಎಪ್ಪತ್ತನ್ನು ದಾಯಿ, ಅಂದರೆ ಸೂಲಗಿತ್ತಿ, ಮಾಡಿಸಿದ್ದಳು. ತರಬೇತಾದ ಆರೋಗ್ಯ ಸಿಬ್ಬಂದಿಯ ಕೈಯಲ್ಲಾದದ್ದು ಆರು. ಉಳಿದ ಸುಮಾರು ಕಾಲುಭಾಗಕ್ಕೆ ದಾಯಿಯೂ ಇಲ್ಲ, ದಾದಿಯೂ ಇಲ್ಲ.

ಯಾರು ಹೆಚ್ಚಾಗಿ ಮನೆಯಲ್ಲಿ ಹೆರುತ್ತಾರೆ ಎಂಬ ವಿಶ್ಲೇಷಣೆ ಇನ್ನೂ ಕುತೂಹಲದ್ದು. ಓದು ಬಾರದಿರುವುದು, ಬಡತನ, ಹೆಚ್ಚು ಮಕ್ಕಳಾಗಿರುವುದು ಪಟ್ಟಿಯಲ್ಲಿದ್ದವು, ಅವು ನಿರೀಕ್ಷಿತವೇ. ಅವುಗಳ ಜೊತೆಗೆ ಹದಗೆಟ್ಟ ಮನೆ, ನೀರಿನ ಸೌಕರ್ಯವಿಲ್ಲದಿರುವುದು, ಒಂದೆಡೆ ನಿಲ್ಲದ ಬದುಕು, ಅಪಾಯಕಾರಿ ಜಾಗದಲ್ಲಿ ವಾಸ ಇವೂ ಇದ್ದವು. ಹೆರಿಗೆಗೆ ಯಾವ ಮನೆ ಅತ್ಯಂತ ಅನರ್ಹವೋ ಅಲ್ಲೇ ಮನೆ ಹೆರಿಗೆ ಹೆಚ್ಚು. ಬಿಸಿನೀರು ಕಾಯಿಸಲು ನೀರಿಲ್ಲದ ಮನೆಯವಳು ಮನೆಯ ಹಿತಕ್ಕಾಗಿ ಅಲ್ಲಿ ಉಳಿದಳು ಎನ್ನುವುದು ಒಪ್ಪುವ ಮಾತಲ್ಲ. ಅವಳು ಉಳಿದದ್ದಕ್ಕೆ ಹೊರಗಿನ ಕಾರಣಗಳನ್ನೇ ಹುಡುಕಬೇಕು.

ವಾಡಿಕೆ ಎಂದವರು ಹೇಳದೆ ಬಿಟ್ಟದ್ದು

ಮೊದಲ ಗುಂಪಿನವರ ‘ವಾಡಿಕೆ’ ಎಂಬ ಉತ್ತರವನ್ನು ಹಾಗೆಯೇ ತೆಗೆದುಕೊಂಡರೆ ನಗರದ ಮನೆ ಹೆರಿಗೆ ಹಳ್ಳಿಯದರ ಮುಂದುವರಿಕೆ ಅನ್ನಿಸುತ್ತದೆ. ನಮ್ಮ ತುಮಕೂರು ಜಿಲ್ಲೆಯನ್ನೇ ನೆನೆಯಬಹುದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಏಳು ದಶಕಗಳಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ಸೂಲಗಿತ್ತಿ ಇದ್ದ ಊರಿನ ಮನೆ ಹೆರಿಗೆಯಲ್ಲಿ ಒಂದು ವ್ಯವಸ್ಥೆ ಇತ್ತು. ಚೊಚ್ಚಲಿಗೆ ತವರು, ತವರಿನಲ್ಲಿ ತಾಯಿ, ಅಜ್ಜಿ, ಕರೆದ ಕೂಡಲೇ ಬರುವ ಅನುಭವಸ್ಥೆ, ಆಮೇಲೆ ಬಾಣಂತನ. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಮೇಸ್ತ್ರಿಯ ಹಿಂದೆ ಬೆಂಗಳೂರಿಗೆ ಬಂದು ಕಟ್ಟಡದ ಕೆಲಸಕ್ಕೆ ನಿಂತ ಹೆಂಗಸಿಗೆ ಇವು ಯಾವುವೂ ಇಲ್ಲ. ಮನೆ ಮಾತ್ರ ಉಳಿದಿದೆ. ಮನೆ ಹೆರಿಗೆಯನ್ನು ಕಾಯುತ್ತಿದ್ದ ಕೈಗಳು ಊರಲ್ಲೇ ಉಳಿದಿವೆ.

ಹಾಗಾದರೂ ವಾಡಿಕೆ ಎನ್ನುತ್ತಾರೆ. ಮುಂಬೈ ಲೆಕ್ಕದಲ್ಲಿ ಮಕ್ಕಳ ಸಂಖ್ಯೆ ಏರಿದಂತೆ ಮನೆ ಹೆರಿಗೆಯ ಸಾಧ್ಯತೆಯೂ ಏರುವುದನ್ನು ಇಲ್ಲಿ ಗಮನಿಸಬೇಕು. ಎರಡು, ಮೂರು ಹೆತ್ತವಳಿಗೆ ಬೇನೆಯ ಬಗ್ಗೆ ಧೈರ್ಯ ಬಂದಿರುತ್ತದೆ ಎಂಬುದು ಒಂದು ವಿವರಣೆ. ಹಿಂದಿನ ಸಲ ಆಸ್ಪತ್ರೆಗೆ ಹೋದವಳಾದರೆ ಆಸ್ಪತ್ರೆಯ ಬಗ್ಗೆಯೂ ಅವಳಿಗೆ ಅನುಭವವಿರುತ್ತದೆ. ಹೆರಿಗೆ ಕೋಣೆಯಲ್ಲಿ ಕೂಗಿಕೊಂಡರೆ ಗದರುವುದು, ‘ಮಾಡಿಕೊಳ್ಳುವಾಗ ಗೊತ್ತಿರಲಿಲ್ವಾ’ ಎಂಬಂಥ ಮಾತು, ಕೇಳದೆ ಕೈಹಾಕಿ ಪರೀಕ್ಷಿಸುವುದು, ತೊಡೆಗೆ ಬೀಳುವ ಏಟು, ಒಂದೇ ಮಂಚದಲ್ಲಿ ಇಬ್ಬರು. ಹೆತ್ತ ಕೂಡಲೇ ಕಾಪರ್-ಟಿ ಹಾಕಿಬಿಡುತ್ತಾರೆ, ಆಪರೇಷನ್ ಮಾಡಿಸಿಕೋ ಎಂದು ಒತ್ತಾಯಿಸುತ್ತಾರೆ ಎಂಬ ಭಯ ಬೇರೆ. ಜಗತ್ತಿನ ನಾನಾ ಕಡೆಯ ಇಂಥ ನಡವಳಿಕೆಗಳನ್ನು 2010ರಲ್ಲಿ ಬೌಸರ್ ಮತ್ತು ಹಿಲ್ ಎಂಬ ಇಬ್ಬರು ಸಂಶೋಧಕಿಯರು ಏಳು ಬಗೆಯಾಗಿ ವಿಂಗಡಿಸಿದರು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೆರಿಗೆಯ ಹೊತ್ತಿನ ಅವಮಾನ, ನಿಂದನೆ ನಿಲ್ಲಬೇಕೆಂದು ಹೇಳಿಕೆ ಹೊರಡಿಸಿತು. ಸಮೀಕ್ಷೆಯವರು ಬಂದು ಕೇಳಿದಾಗ ಇದನ್ನೆಲ್ಲ ಬಿಡಿಸಿ ಹೇಳುವುದಕ್ಕಿಂತ ‘ನಮ್ಮಲ್ಲಿ ಹಾಗೇ’ ಅನ್ನುವುದು ಸುಲಭ. ಹೀಗೆ ನೋಡಿದರೆ ವಾಡಿಕೆ ಎಂಬ ಉತ್ತರದಲ್ಲಿ ಒಂದು ಪಾಲು ಸಂಪ್ರದಾಯವಿರಬಹುದು, ಇನ್ನೊಂದು ಪಾಲು ಆಸ್ಪತ್ರೆಯೇ ಕಲಿಸಿದ ಪಾಠ.

ಖಾಸಗಿ ಆಸ್ಪತ್ರೆಗೆ ಹೋದರೆ ಹೊಟ್ಟೆ ಕೊಯ್ಯುತ್ತಾರೆ ಎಂಬ ಭಯವೂ ಬರೀ ಊಹೆಯಲ್ಲ. 2019-21ರ ಸಮೀಕ್ಷೆಯಲ್ಲಿ ಸಿಸೇರಿಯನ್ ಪ್ರಮಾಣ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3 ಇದ್ದರೆ ಖಾಸಗಿಯಲ್ಲಿ ಶೇ. 47.4. ಹೆತ್ತ ಹತ್ತನೇ ದಿನಕ್ಕೆ ಮನೆಗೆಲಸಕ್ಕೋ ಗಾರೆ ಕೆಲಸಕ್ಕೋ ಹೋಗಬೇಕಾದವಳಿಗೆ ಹೊಲಿಗೆ ಎಂದರೆ ಕೂಲಿ ಹೋದಂತೆಯೇ.

ಹೊರಡಲು ಆಗದವರು

ಎರಡನೆಯ ಗುಂಪು ಹೊತ್ತು ಮೀರಿದವರದು. ಇವರಲ್ಲಿ ಎಷ್ಟೋ ಮಂದಿ ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಚುಚ್ಚುಮದ್ದು ಹಾಕಿಸಿಕೊಂಡು, ಅಲ್ಲೇ ಹೆರಬೇಕೆಂದು ಇದ್ದವರು. ಮೂರನೆಯ, ನಾಲ್ಕನೆಯ ಹೆರಿಗೆಯಲ್ಲಿ ಬೇನೆ ಬೇಗ ಮುಗಿಯಬಹುದು. ನೋವು ಶುರುವಾದದ್ದು ನಡುರಾತ್ರಿ. ಗಂಡ ರಾತ್ರಿಪಾಳಿಗೆ ಹೋಗಿದ್ದಾನೆ, ಇಲ್ಲವೇ ಕುಡಿದು ಮಲಗಿದ್ದಾನೆ. ಮನೆಯಲ್ಲಿ ಎರಡು ಪುಟ್ಟ ಮಕ್ಕಳು. ಅವನ್ನು ಯಾರ ಕೈಗೆ ಒಪ್ಪಿಸಿ ಹೋಗಬೇಕು? ಆಸ್ಪತ್ರೆಯವರು ಜೊತೆಗೊಬ್ಬ ಹೆಂಗಸು ಬೇಕೇ ಬೇಕೆನ್ನುತ್ತಾರೆ. ಪಕ್ಕದ ಮನೆಯವಳು ಬಂದರೆ ಅವಳ ನಾಳಿನ ಕೂಲಿ ಹೋಗುತ್ತದೆ. ಗಲ್ಲಿಯೊಳಗೆ ಆಂಬ್ಯುಲೆನ್ಸ್ ನುಗ್ಗುವುದಿಲ್ಲ. ವಿಳಾಸ ಕೇಳಿದರೆ ‘ಸೇತುವೆ ಕೆಳಗಿನ ಶೆಡ್ಡು’ ಎಂದು ಹೇಳಬೇಕು. ಬೇಗ ಹೋದರೂ ಕಷ್ಟ: ‘ಇನ್ನೂ ಟೈಮ್ ಇದೆ, ನೋವು ಜೋರಾದ ಮೇಲೆ ಬಾ’ ಎಂದು ಕಳಿಸುತ್ತಾರೆ. ಹಾಗೆ ಒಮ್ಮೆ ಆಟೋಗೆ ದುಡ್ಡು ಕೊಟ್ಟು ಹೋಗಿ ಬಂದವಳು ಎರಡನೆಯ ಸಲ ತೀರಾ ತಡವಾಗಿ ಹೊರಡುವುದು ಸಹಜ.

ಇಲ್ಲಿ ಕೊರತೆ ಬುದ್ಧಿಯದಲ್ಲ, ಜನದ್ದು. ನಗರದ ಬಡವರ ಕುಟುಂಬ ಚಿಕ್ಕದು, ನೆರೆ ಹೊಸದು, ಮನೆ ಬದಲಾಗುತ್ತಲೇ ಇರುತ್ತದೆ. ತೆರವು ಕಾರ್ಯಾಚರಣೆಯಲ್ಲಿ ಬಸ್ತಿ ಎದ್ದುಹೋದರೆ ಹೆಸರು ಬರೆಸಿದ್ದ ಆಸ್ಪತ್ರೆಯೂ ಗುರುತಿನ ದಾದಿಯೂ ಆ ಕಡೆಯೇ ಉಳಿಯುತ್ತಾರೆ.

ಬಾಗಿಲಿಂದ ವಾಪಸ್ಸು ಬಂದವರು

ಮೂರನೆಯ ಗುಂಪಿನ ಬಗ್ಗೆ ಸಮೀಕ್ಷೆಗಳಿಗಿಂತ ನ್ಯಾಯಾಲಯದ ಕಡತಗಳು ಹೆಚ್ಚು ಹೇಳುತ್ತವೆ. 2010ರ ಜೂನ್‌ನಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಎಸ್. ಮುರಳೀಧರ್ ಎರಡು ಪ್ರಕರಣಗಳನ್ನು ಒಟ್ಟಿಗೆ ತೀರ್ಮಾನಿಸಿದರು. ಒಂದರಲ್ಲಿ, ಹಿಂದಿನ ಬಸಿರಿನಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಾಗ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಿದ್ದ ಬಡ ಹೆಂಗಸು 2010ರ ಜನವರಿಯಲ್ಲಿ ನುರಿತವರ ನೆರವಿಲ್ಲದೆ ಮನೆಯಲ್ಲಿ ಹೆತ್ತು ತೀರಿಕೊಂಡಿದ್ದಳು. ಇನ್ನೊಂದರಲ್ಲಿ, ಜಂಗ್‌ಪುರದ ಪಾಲಿಕೆ ಹೆರಿಗೆ ಆಸ್ಪತ್ರೆಯಲ್ಲಿ ನೆರವು ಸಿಗದ ಮನೆಯಿಲ್ಲದ ಹೆಂಗಸೊಬ್ಬಳು ಮರದ ಕೆಳಗೆ, ಜನರ ಕಣ್ಣೆದುರೇ ಹೆತ್ತಿದ್ದಳು. ಬಡತನವನ್ನು ಸಾಬೀತುಪಡಿಸುವ ಭಾರವನ್ನು ಬಡವರ ಮೇಲೆಯೇ ಹೊರಿಸಬಾರದು, ಒಂದು ರಾಜ್ಯದ ಬಿಪಿಎಲ್ ಕಾರ್ಡಿಗೆ ಇನ್ನೊಂದು ರಾಜ್ಯದಲ್ಲೂ ಬೆಲೆ ಇರಬೇಕು ಎಂಬುದು ಆ ತೀರ್ಪಿನ ಸಾರ.

ಹನ್ನೆರಡು ವರ್ಷಗಳ ನಂತರ, 2022ರ ನವೆಂಬರಿನಲ್ಲಿ, ಅದೇ ಕಥೆ ತುಮಕೂರಿನಲ್ಲಿ ನಡೆಯಿತು. ನಗರದ ಭಾರತಿನಗರದಲ್ಲಿ ಪುಟ್ಟ ಮಗಳೊಂದಿಗೆ ಬಾಡಿಗೆಗಿದ್ದ ತಮಿಳುನಾಡು ಮೂಲದ ಬಸುರಿಗೆ ಬೇನೆ ಬಂದಾಗ ಅಕ್ಕಪಕ್ಕದವರು ದುಡ್ಡು ಕೂಡಿಸಿ ಆಟೋದಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸಿದರು. ಆಧಾರ್ ಇಲ್ಲ, ತಾಯಿ ಕಾರ್ಡ್ ಇಲ್ಲ ಎಂದು ದಾಖಲಿಸಿಕೊಳ್ಳದೆ ಬೆಂಗಳೂರಿನ ದಾರಿ ತೋರಿಸಿದರೆಂಬುದು ಆರೋಪ. ಅವಳು ಮನೆಗೆ ಮರಳಿದಳು. ಮರುದಿನ ಅಲ್ಲೇ ಅವಳಿಗೆ ಅವಳಿ ಮಕ್ಕಳಾದವು. ತಾಯಿ, ಶಿಶುಗಳು ಮೂವರೂ ಉಳಿಯಲಿಲ್ಲ. ವೈದ್ಯೆ ಮತ್ತು ಶುಶ್ರೂಷಾ ಸಿಬ್ಬಂದಿಯ ಅಮಾನತಾಯಿತು. ದಾಖಲೆ ಇಲ್ಲವೆಂದು ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದು ಸರ್ಕಾರ ಮತ್ತೆ ಹೇಳಬೇಕಾಯಿತು. ನರಸಮ್ಮನವರ ಜಿಲ್ಲೆಯ ಕೇಂದ್ರದಲ್ಲಿ ಈ ಹೆಂಗಸು ಹೆತ್ತದ್ದು ಮನೆಯಲ್ಲಿ. ಇದನ್ನು ವಾಡಿಕೆಯ ಲೆಕ್ಕಕ್ಕೆ ಸೇರಿಸಲು ಯಾರಿಗೂ ಬಾಯಿ ಬರಲಾರದು. ಆದರೆ ಅವಳು ಬದುಕಿ ಉಳಿದಿದ್ದರೆ, ನಮ್ಮ ಸಮೀಕ್ಷೆಗಳಲ್ಲಿ ಅದೂ ಇನ್ನೊಂದು ‘ಮನೆ ಹೆರಿಗೆ’ಯಾಗಿ ದಾಖಲಾಗುತ್ತಿತ್ತು.

ತಾಯಿ ಕಾರ್ಡು ಮೂಲತಃ ಒಳ್ಳೆಯ ಏರ್ಪಾಡು. ಬಸುರಿಯ ರಕ್ತದ ಗುಂಪು, ಹಿಮೋಗ್ಲೋಬಿನ್, ಹಿಂದಿನ ಹೆರಿಗೆ ಎಲ್ಲವೂ ಒಂದೆಡೆ ಸಿಗಲಿ ಎಂದು ಮಾಡಿದ್ದು. ಊರು ಬದಲಿಸುವವರ ಪಾಲಿಗೆ ಅದು ಬಾಗಿಲ ಚಿಲಕವಾಗಿದೆ. ಮದುವೆಯಾಗದ ಬಸುರಿ, ಲೈಂಗಿಕ ವೃತ್ತಿಯವಳು, ಗಂಡ ಬಿಟ್ಟವಳು ‘ಗಂಡನ ಹೆಸರು ಏನು’ ಎಂಬ ಮೊದಲ ಪ್ರಶ್ನೆಗೇ ಹೆದರಿ ಅತ್ತ ಸುಳಿಯುವುದಿಲ್ಲ.

ಉಚಿತ ಹೆರಿಗೆಯ ಬೆಲೆ

ಇನ್ನು ದುಡ್ಡು. ಮುಂಬೈ ಅಧ್ಯಯನದಲ್ಲಿ ಮನೆ ಹೆರಿಗೆಯ ಮಧ್ಯಮ ಖರ್ಚು 21 ಡಾಲರ್, ಸರ್ಕಾರಿ ಆಸ್ಪತ್ರೆಯದು 32, ಖಾಸಗಿಯದು 118. ಮನೆಗೂ ಸರ್ಕಾರಿ ಆಸ್ಪತ್ರೆಗೂ ನಡುವಿನ ಅಂತರ ಬೆಟ್ಟದಷ್ಟಿಲ್ಲ. ಆದ್ದರಿಂದ ಬರೀ ಬಡತನವೇ ಕಾರಣ ಎನ್ನಲಾಗದು. ಆದರೆ ದಾಯಿಯ ಖರ್ಚು ಮೊದಲೇ ಗೊತ್ತಿರುತ್ತದೆ. ಅವಳು ಗುರುತಿನವಳು, ಸಾಲ ನಿಲ್ಲಿಸಬಹುದು, ಸೀರೆ ಕೊಟ್ಟು ತೀರಿಸಬಹುದು. ಆಸ್ಪತ್ರೆಯ ಖರ್ಚು ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಪಾಲಿಕೆಯ ಹೆರಿಗೆ ಆಸ್ಪತ್ರೆಗಳ ಸಮೀಕ್ಷೆ ನಡೆಸಿದಾಗ ಕೈಬಿಸಿ ಮಾಡುವುದು ಅಲ್ಲಿ ಮಾಮೂಲಾಗಿತ್ತು. ಹುಟ್ಟಿದ ಮಗುವನ್ನು ತೋರಿಸುವುದಕ್ಕೂ ದುಡ್ಡು; ಗಂಡಾದರೆ ಒಂದು ದರ, ಹೆಣ್ಣಾದರೆ ಅದಕ್ಕಿಂತ ಕಡಿಮೆ.

ಸರ್ಕಾರ ಇದಕ್ಕೆ ಕಂಡುಕೊಂಡ ಮದ್ದು ನಗದು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. ಹಳ್ಳಿಗೆ ದೊಡ್ಡ ಮೊತ್ತ, ನಗರಕ್ಕೆ ಚಿಕ್ಕದು. ಕರ್ನಾಟಕ, ಮಹಾರಾಷ್ಟ್ರದಂಥ ‘ಮುಂದುವರಿದ’ ರಾಜ್ಯಗಳ ನಗರದಲ್ಲಿ ಬಿಪಿಎಲ್ ಹೆಂಗಸು ಆಸ್ಪತ್ರೆಯಲ್ಲಿ ಹೆತ್ತರೆ 600 ರೂಪಾಯಿ, ಮನೆಯಲ್ಲಿ ಹೆತ್ತರೆ 500. ನಡುವಿನ ನೂರು ರೂಪಾಯಿಯಲ್ಲಿ ಒಂದು ಆಟೋ ಬಾಡಿಗೆಯೂ ಹುಟ್ಟುವುದಿಲ್ಲ. ಮೇಲಾಗಿ ಇಂಥ ರಾಜ್ಯಗಳಲ್ಲಿ ವಯಸ್ಸು 19 ಆಗಿರಬೇಕು, ಎರಡೇ ಮಕ್ಕಳಿಗೆ ಎಂಬ ಷರತ್ತು 2013ರವರೆಗೂ ಇತ್ತು. ಚಿಕ್ಕ ವಯಸ್ಸಿನವಳು ಮತ್ತು ಹೆಚ್ಚು ಮಕ್ಕಳವಳು, ಅಂದರೆ ಅಪಾಯ ಹೆಚ್ಚಿರುವ ಇಬ್ಬರೂ, ಹೊರಗುಳಿದರು. 2010ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಮೌಲ್ಯಮಾಪನವೂ ಯೋಜನೆಯಿಂದ ಆಸ್ಪತ್ರೆ ಹೆರಿಗೆ ಹೆಚ್ಚಿತಾದರೂ ಕಡುಬಡವರಿಗೆ, ಓದಿಲ್ಲದವರಿಗೆ ಅದು ಎಲ್ಲೆಡೆ ಮೊದಲು ಮುಟ್ಟಿಲ್ಲ ಎಂದೇ ಹೇಳಿತು. 2011ರ ಜೂನ್ 1ರಂದು ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಔಷಧ, ರಕ್ತ, ಊಟ, ಸಿಸೇರಿಯನ್, ಮನೆಗೆ ವಾಪಸ್ಸು ಬಿಡುವ ವಾಹನ ಎಲ್ಲವನ್ನೂ ಉಚಿತ ಮಾಡಿತು. ಕಾಗದದಲ್ಲಿ ಕೊರತೆಯಿಲ್ಲ. ‘ಖುಷಿಗೆ ಏನಾದರೂ ಕೊಡಿ’ ಎಂಬ ಮಾತು ಮಾತ್ರ ಯಾವ ಆದೇಶದ ವ್ಯಾಪ್ತಿಗೂ ಬಾರದೆ ಉಳಿಯಿತು.

ಯಾವ ಮದ್ದು ಯಾರಿಗೆ

ತಿಳಿವಳಿಕೆ ಮೂಡಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಿ ನೋಡಲಾಗಿದೆ. ಜಾರ್ಖಂಡ್, ಒಡಿಶಾದ ಹಳ್ಳಿಗಳಲ್ಲಿ ‘ಏಕಜುಟ್’ ಸಂಸ್ಥೆ ಹೆಂಗಸರ ಗುಂಪುಗಳನ್ನು ಕಟ್ಟಿ, ಬಸಿರು, ಹೆರಿಗೆಗಳ ತೊಂದರೆಗಳನ್ನು ಅವರೇ ಚರ್ಚಿಸಿ ದಾರಿ ಹುಡುಕುವಂತೆ ಮಾಡಿದಾಗ ನವಜಾತ ಶಿಶುಗಳ ಸಾವು ಮೂರು ವರ್ಷಗಳಲ್ಲಿ ಶೇ. 32ರಷ್ಟು ಇಳಿಯಿತು. ಅದೇ ವಿಧಾನವನ್ನು ಮುಂಬೈನ ಬಸ್ತಿಗಳಲ್ಲಿ ಪ್ರಯೋಗಿಸಿದರು. 2012ರಲ್ಲಿ ಫಲಿತಾಂಶ ಪ್ರಕಟವಾದಾಗ ಗುಂಪುಗಳಿದ್ದ ಕಡೆಗೂ ಇಲ್ಲದ ಕಡೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಳ್ಳಿಯಲ್ಲಿ ಹೆಂಗಸರ ಮಾತಿನಿಂದಲೇ ಬದಲಾಗಬಹುದಾದದ್ದು ಸಾಕಷ್ಟಿತ್ತು. ನಗರದಲ್ಲಿ ಬದಲಾಗಬೇಕಾದದ್ದರ ದೊಡ್ಡ ಪಾಲು ಅವರ ಕೈಯಲ್ಲೇ ಇರಲಿಲ್ಲ ಎಂದು ನನಗನ್ನಿಸುತ್ತದೆ.

ಢಾಕಾದಲ್ಲಿ ಬ್ರಾಕ್ ಸಂಸ್ಥೆ 2007ರಲ್ಲಿ ‘ಮಾನಸಿ’ ಎಂಬ ಯೋಜನೆ ತಂದಿತು. ಕೊಳೆಗೇರಿಯೊಳಗೇ ಒಂದು ಕೋಣೆ, ಅಲ್ಲೇ ವಾಸವಿರುವ ತರಬೇತಾದ ಹೆಂಗಸು, ತೊಡಕು ಕಂಡರೆ ಆಸ್ಪತ್ರೆಗೆ ಕರೆದೊಯ್ಯುವ ಏರ್ಪಾಡು. ಮನೆಯ ಆತ್ಮೀಯತೆ ಬೇಕು, ಮನೆಯಲ್ಲಿ ಜಾಗವಿಲ್ಲ ಎನ್ನುವವರಿಗೆ ಇದು ನೇರ ಉತ್ತರ. ನೈರೋಬಿ ಇನ್ನೊಂದು ಎಚ್ಚರಿಕೆ ಕೊಡುತ್ತದೆ. ಅಲ್ಲಿನ ಎರಡು ಕೊಳೆಗೇರಿಗಳಲ್ಲಿ 2006ರಲ್ಲಿ ಶೇ. 70ರಷ್ಟು ಹೆಂಗಸರು ಆಸ್ಪತ್ರೆಯಲ್ಲಿ ಹೆತ್ತೆವೆಂದರೂ, ನುರಿತ ಸಿಬ್ಬಂದಿ ಇದ್ದ ಆಸ್ಪತ್ರೆಯಲ್ಲಿ ಹೆತ್ತವರು ಶೇ. 48 ಮಾತ್ರ. ಆಸ್ಪತ್ರೆ ಎಂಬ ಬೋರ್ಡು ನೇತುಹಾಕಿದ ಕೋಣೆಗಳೆಲ್ಲ ಆಸ್ಪತ್ರೆಗಳಲ್ಲ.

ನಮ್ಮಲ್ಲಿ ಹಳ್ಳಿಗಳ ಆರೋಗ್ಯ ಅಭಿಯಾನ 2005ರಲ್ಲೇ ಶುರುವಾದರೆ ನಗರದ್ದಕ್ಕೆ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. 50,000 ಜನಕ್ಕೊಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಲೆಕ್ಕ ಅಲ್ಲಿಂದ ಬಂತು. ಹೆರಿಗೆಯ ಹೊತ್ತಿನಲ್ಲಿ ಜೊತೆಗಾತಿಯೊಬ್ಬಳನ್ನು ಒಳಗೆ ಬಿಡಬಹುದೆಂದು ಕೇಂದ್ರ 2016ರಲ್ಲಿ ಹೇಳಿತು. 2017ರ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೋಣೆಯ ಗುಣಮಟ್ಟವನ್ನೂ ನಡವಳಿಕೆಯನ್ನೂ ಪರಿಗಣಿಸಿತು. 2018ರಲ್ಲಿ ವೃತ್ತಿಪರ ಸೂಲಗಿತ್ತಿಯರ ಪಡೆ ಕಟ್ಟುವ ಮಾರ್ಗಸೂಚಿ ಬಂತು. ದಾದಿಯರಿಗೆ ಹದಿನೆಂಟು ತಿಂಗಳ ತರಬೇತಿ. ಇವೆಲ್ಲ ಸರಿಯಾದ ದಿಕ್ಕಿನವು, ಏಕೆಂದರೆ ಇವು ಹೆಂಗಸನ್ನು ತಿದ್ದಲು ಹೋಗದೆ ಆಸ್ಪತ್ರೆಯನ್ನು ತಿದ್ದುತ್ತವೆ.

ಮನೆ ಹೆರಿಗೆಯನ್ನು ಹಾಡಿಹೊಗಳುವ ಅಗತ್ಯವಿಲ್ಲ. ಹೆತ್ತ ಮೇಲಿನ ರಕ್ತಸ್ರಾವ ಹತೋಟಿ ತಪ್ಪಿದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ನೀರಿಲ್ಲದ ಕೋಣೆಯಲ್ಲಿ ನಂಜು ತಡೆಯುವುದು ಕಷ್ಟ. ಆಸ್ಪತ್ರೆಯೇ ಸುರಕ್ಷಿತ. ಹಾಗಿದ್ದ ಮೇಲೆ ಬೇಡವೆಂದು ಉಳಿದವಳಿಗೆ ಗೌರವದ ನಡವಳಿಕೆ ಬೇಕು, ಹೊರಡಲಾಗದವಳಿಗೆ ರಾತ್ರಿ ಜೊತೆಗೆ ಬರುವ ಒಬ್ಬಳು ಮತ್ತು ಮಕ್ಕಳನ್ನು ನೋಡಿಕೊಳ್ಳುವ ಕೈ ಬೇಕು, ವಾಪಸ್ಸು ಬಂದವಳಿಗೆ ಕಾಗದ ಕೇಳದೆ ತೆರೆಯುವ ಬಾಗಿಲು ಬೇಕು. 600 ರೂಪಾಯಿ ಈ ಮೂವರಲ್ಲಿ ಯಾರ ಕಷ್ಟಕ್ಕೂ ಅಳತೆಯಲ್ಲ.

ಹೆರಿಗೆಯಲ್ಲಿ ತಾಯಿ ಸತ್ತರೆ ಕಾರಣ ವಿಚಾರಿಸುವ ಕ್ರಮ 2010ರಿಂದ ನಮ್ಮಲ್ಲಿದೆ. ನಗರದ ಪ್ರತಿಯೊಂದು ಮನೆ ಹೆರಿಗೆಯನ್ನೂ, ತಾಯಿ ಮಗು ಚೆನ್ನಾಗಿದ್ದರೂ, ವಾರ್ಡಿನ ಮಟ್ಟದಲ್ಲಿ ಹಾಗೆಯೇ ವಿಚಾರಿಸಬಹುದು. ಕೇಳಬೇಕಾದದ್ದು ಒಂದೇ ಪ್ರಶ್ನೆ: ಬೇಡವೆಂದು ಉಳಿದೆಯಾ, ಆಗದೆ ಉಳಿದೆಯಾ, ಹೋಗಿ ಬಂದೆಯಾ? ಮನೆ ಹೆರಿಗೆಯ ಆರು ಶೇಕಡಾ ಹೆಂಗಸರನ್ನು ‘ಆಸ್ಪತ್ರೆಗೆ ಬಾರದವರು’ ಎಂದು ಒಂದೇ ಕಲಮಿನಲ್ಲಿ ಬರೆಯುವವರೆಗೆ, ಬಂದು ಹಿಂತಿರುಗಿದವರ ಹೊಣೆಯೂ ಅವರ ತಲೆಯ ಮೇಲೆಯೇ ಇರುತ್ತದೆ.